ಎಂಟರ್ ಇಲ್ಲದ ಸೀನು

ನಮ್ಮ ಮಾವ ಉಡಚಪ್ಪನವರಿಗೆ ಒಂದು ಮಾತನ್ನು ಎರಡು ಸಲ ಹೇಳಿ ಗೊತ್ತಿಲ್ಲ. ಮನುಷ್ಯರಿಗೂ ಹೇಳುವುದಿಲ್ಲ, ಕಂಪ್ಯೂಟರಿಗೂ ಹೇಳುವುದಿಲ್ಲ. ಅವರ ಈ ಒಂದು ಸ್ವಭಾವದಿಂದಾಗಿ ನಾನು ಹದಿನೈದು ದಿನ ತಲೆ ಕೆಡಿಸಿಕೊಂಡು ಓಡಾಡಿದೆ. ಹೇಳುತ್ತೇನೆ, ಕೇಳಿ. ನಡುವೆ ಬಾಯಿ ಹಾಕಿ ಬುದ್ಧಿ ಹೇಳಬೇಡಿ, ನನಗೆ ಸಿಟ್ಟು ಬೇಗ ಬರುತ್ತದೆ.

ಬ್ಯಾಡಗಿ ಪಕ್ಕದ ಮೋಟೆಬೆನ್ನೂರಿನ ಹತ್ತಿರ, ಹೆದ್ದಾರಿಗೆ ಹೊಂದಿಕೊಂಡು ಗುಡದಪ್ಪ ಸಾಹುಕಾರರ ಕೋಲ್ಡ್ ಸ್ಟೋರೇಜ್ ಇದೆ. ರೈತರು ಮೆಣಸಿನಕಾಯಿ ಚೀಲ ತಂದು ನಂಬರ್ ಚೀಟಿ ತೆಗೆದುಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಒಳಗೆ ಹೋಗಲು ಮೂರು ಬಾಗಿಲು. ಯಾವ ಬಾಗಿಲು ಖಾಲಿಯಾಯಿತೋ ಅದಕ್ಕೆ ಮುಂದಿನ ನಂಬರಿನವರನ್ನು ಕರೆಯುವುದು ಮಾವನ ಕೆಲಸ. ಮೊದಲು ಅವರು ಅಲ್ಲೇ ಹಮಾಲಿ ಮಾಡುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ ಈ ಕುರ್ಚಿ ಸಿಕ್ಕಿತು. ಕುರ್ಚಿ ಸಿಕ್ಕ ದಿನದಿಂದ ಮಾವ ಇಸ್ತ್ರಿ ಮಾಡದ ಅಂಗಿ ಹಾಕಿದ್ದನ್ನು ನಾನು ನೋಡಿಲ್ಲ. ಅವರು ಗಂಟಲು ತೆಗೆದು ಒಮ್ಮೆ ಕೂಗಿದರೆ ಹೆದ್ದಾರಿಯ ಆಚೆ ಚಹಾ ಕುಡಿಯುತ್ತಿದ್ದವರೂ ಎದ್ದು ಬರುತ್ತಿದ್ದರು.

ಆದರೆ ಮೆಣಸಿನಕಾಯಿ ಧೂಳು ಯಾರ ಗಂಟಲನ್ನು ಬಿಟ್ಟಿದೆ? ಹೋದ ವರ್ಷ ಮಾವನ ಧ್ವನಿ ಒಡೆಯಲು ಶುರುವಾಯಿತು. ನಾನು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವಳು. ಸುಮ್ಮನಿರಲು ಆಗುತ್ತದೆಯೇ? ಧ್ವನಿ ಪೂರ್ತಿ ಹೋಗುವ ಮೊದಲೇ ಮಾವನನ್ನು ಬಚ್ಚಲುಮನೆಯಲ್ಲಿ ನಿಲ್ಲಿಸಿ, ಒಂದರಿಂದ ಇನ್ನೂರರವರೆಗೆ ನಂಬರನ್ನೂ ಮೂರು ಬಾಗಿಲನ್ನೂ ಕೂಗಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸಾಹುಕಾರರ ಹಳೆಯ ಕಂಪ್ಯೂಟರಿಗೆ ಕರಿ ಪರದೆಯ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟೆ. ಬಾಗಿಲಿನ ನಂಬರ್ ಒತ್ತಿ ಎಂಟರ್ ಒತ್ತಿದರೆ ಸಾಕು, ಸ್ಪೀಕರಿನಲ್ಲಿ ಮಾವನ ಧ್ವನಿಯೇ ಮುಂದಿನವರನ್ನು ಕರೆಯುತ್ತದೆ.

ಎರಡನೇ ಬಾಗಿಲು ಖಾಲಿಯಾದರೆ ಮಾವ ಎರಡು ಒತ್ತುತ್ತಿದ್ದರು. ಒತ್ತಿ ಕೈಕಟ್ಟಿ ಕೂರುತ್ತಿದ್ದರು. ಸ್ಪೀಕರ್ ಸುಮ್ಮನಿರುತ್ತಿತ್ತು, ಸಾಲು ಬೊಬ್ಬೆ ಹಾಕುತ್ತಿತ್ತು.

“ಮಾವಾರ, ಎಂಟರ್ ಒತ್ರಿ!” ಎಂದು ನಾನು ಹೇಳಿದ್ದು ಲೆಕ್ಕವಿಲ್ಲ.

“ಎರಡು ಅಂತ ಹೇಳೇನಲ್ಲವ್ವಾ ಅದಕ್ಕ. ಮತ್ತ್ಯಾಕ ಹೇಳಬೇಕು? ಒಮ್ಮೆ ಹೇಳಿದ್ದು ತಿಳಿಯೂದಿಲ್ಲೇನು?”

“ಅದು ಮಷೀನ್ ಐತ್ರಿ.”

“ಮಷೀನ್ ಆದ್ರೂ ಅದಕ್ಕೂ ಒಂದು ಮರ್ಯಾದಿ ಇರತೈತಿ. ಹೇಳಿದ್ದನ್ನ ಹೇಳಿದ್ರ ಅದಕ್ಕೂ ಬ್ಯಾಸರಾಗತೈತಿ.”

ಇದಕ್ಕೆ ಏನು ಹೇಳುತ್ತೀರಿ? ಸಾಹುಕಾರರು ಮಾತ್ರ ಹೇಳಿದರು. ಸಾಲು ಹೆದ್ದಾರಿಯವರೆಗೆ ಬೆಳೆದ ಒಂದು ದಿನ ನನಗೇ ಫೋನ್ ಮಾಡಿ, “ನಿಮ್ಮ ಮಾವಗ ಇದು ನೀಗೂದಿಲ್ಲ ಕಾಣ್ತೈತಿ” ಎಂದರು. ನನ್ನ ಮೈ ಉರಿಯಿತು. ಮಾವನಿಗೆ ನೀಗದಿದ್ದರೆ ಎಂಟರನ್ನೇ ಕಿತ್ತು ಬಿಸಾಕಿದರಾಯಿತು, ಮಾವನನ್ನು ಯಾಕೆ ಕೀಳಬೇಕು?

ಕರಿ ಪರದೆಯ ಪ್ರೋಗ್ರಾಮ್ ಎಂಟರ್ ಒತ್ತುವವರೆಗೂ ಕಿವುಡನ ಹಾಗೆ ಕೂತಿರುತ್ತದೆ. ನೀವು ಏನೇ ಒತ್ತಿ, ಒಂದೂ ಅದರ ತನಕ ಮುಟ್ಟುವುದಿಲ್ಲ. ಆದರೆ ಅದಕ್ಕೆ ಬೇರೆ ಬುದ್ಧಿಯನ್ನೂ ಕಲಿಸಬಹುದು. ಎಂಟರಿಗೆ ಕಾಯದೆ, ಕೀ ಒತ್ತಿದ ಕೂಡಲೇ ಒಂದೊಂದನ್ನೇ ಓದು ಎಂದು ಹೇಳಬಹುದು. ನಾನು ಒಂದೇ ಸಂಜೆಯಲ್ಲಿ ಹಾಗೆ ಮಾಡಿದೆ. ಮಾವ ಎರಡು ಒತ್ತಿದರು. ಬೆರಳು ಎತ್ತುವ ಮೊದಲೇ ಸ್ಪೀಕರ್ ಕೂಗಿತು. ಮಾವನ ಮುಖ ಅರಳಿತು. “ಈಗ ನೋಡು, ಶಾಣ್ಯಾ ಆತು!” ಎಂದರು. ನಾನೂ ಕಾಲರ್ ಇಲ್ಲದ ರವಿಕೆಯ ಕಾಲರ್ ಎತ್ತಿಕೊಂಡು ಓಡಾಡಿದೆ.

ಆಮೇಲೆ ಗುರುವಾರ ಬಂತು. ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರವೇ ಹೆಚ್ಚು ಚೀಲ ಬರುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಮಾತ್ರ ಜಾಸ್ತಿ ಎಂದು ಹೊರಗಿನವರು ಹೇಳುತ್ತಾರೆ. ಹೇಳುವವರನ್ನು ಗುರುವಾರ ಚೀಲ ಇಳಿಸುವ ಹೊತ್ತಿಗೆ ಒಂದು ಗಳಿಗೆ ಅಲ್ಲಿ ನಿಲ್ಲಿಸಬೇಕು. ನಮ್ಮಲ್ಲಿ ಮನೆಯಿಂದ ಹೊರಡುವಾಗ ಯಾರಾದರೂ ಸೀನಿದರೆ ಒಂದು ಗುಟುಕು ನೀರು ಕುಡಿದು, ಸ್ವಲ್ಪ ಕೂತು ಹೊರಡುತ್ತೇವೆ. ಮೆಣಸಿನಕಾಯಿ ಇರುವ ಕಡೆ ಈ ಶಾಸ್ತ್ರ ನಡೆಯುವುದಿಲ್ಲ. ಅಲ್ಲಿ ಸೀನನ್ನು ಲೆಕ್ಕಕ್ಕೆ ಹಿಡಿದರೆ ಬ್ಯಾಡಗಿಯಲ್ಲಿ ಒಬ್ಬರೂ ಮನೆ ಮುಟ್ಟುವುದಿಲ್ಲ. ಆದ್ದರಿಂದ ಯಾರು ಎಷ್ಟು ಸೀನಿದರೂ ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ, ಅದೇ ತಪ್ಪಾಯಿತು.

ಮಾವನ ಸೀನು ಏಳರ ಕಟ್ಟು. ಒಂದು ಬಂದರೆ ಉಳಿದ ಆರೂ ಬರಲೇಬೇಕು. ಬೆನ್ನು ನೋಯುತ್ತದೆಂದು ಅವರು ಸೀನುವಾಗ ಎರಡೂ ಅಂಗೈಗಳನ್ನು ಮುಂದಿನ ಮೇಜಿಗೆ ಒತ್ತಿ ಹಿಡಿಯುತ್ತಾರೆ. ಮೇಜಿನ ಮೇಲೆ ಏನಿತ್ತು? ಕೀಬೋರ್ಡ್. ಎಂಟರ್ ಇದ್ದ ಕಾಲದಲ್ಲಿ ಅಂಗೈ ಒತ್ತಿದ್ದೆಲ್ಲ ಕಸದ ಹಾಗೆ ಪರದೆಯ ಮೇಲೆ ಬಿದ್ದಿರುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಈಗ ನನ್ನ ಶಾಣ್ಯಾ ಪ್ರೋಗ್ರಾಮ್ ಒಂದೊಂದು ಕೀಯನ್ನೂ ಭಕ್ತಿಯಿಂದ ಓದಿತು.

ಏಳು ಸೀನು, ಸೀನಿಗೆ ಮೂರೂ ಬಾಗಿಲಿನ ಕೀ. ಹದಿನಾಲ್ಕನೇ ನಂಬರಿನಿಂದ ಮೂವತ್ನಾಲ್ಕರವರೆಗೆ ಇಪ್ಪತ್ತೊಂದು ಜನರನ್ನು ಸ್ಪೀಕರ್ ಉಸಿರು ತೆಗೆದುಕೊಳ್ಳದೆ ಕರೆಯಿತು. ಇಪ್ಪತ್ತೊಂದು ಜನರೂ ಚೀಲ ಎಳೆದುಕೊಂಡು ಮೂರು ಬಾಗಿಲಿಗೆ ನುಗ್ಗಿದರು. ಎರಡನೇ ಬಾಗಿಲಿನಲ್ಲಿ ಒಂದು ಕೈಗಾಡಿ, ಇಬ್ಬರು ಅಣ್ಣತಮ್ಮಂದಿರು ಮತ್ತು ಯಾರದೋ ಆಡು ಒಟ್ಟಿಗೆ ಸಿಕ್ಕಿಕೊಂಡವು. ಸ್ಪೀಕರ್ ಇನ್ನೂ ಕರೆಯುತ್ತಿರುವಾಗಲೇ ಮಾವ ಗಾಬರಿಯಿಂದ ನನಗೆ ಫೋನ್ ಮಾಡಿದ್ದರು.

“ಕಂಟ್ರೋಲ್ ಹಿಡಕೊಂಡು ಸಿ ಒತ್ರಿ, ನಿಲ್ಲತೈತಿ!” ಎಂದೆ.

“ಒತ್ತೇನವ್ವಾ. ನಿಂದ್ರವಲ್ದು!”

ನಿಲ್ಲುವುದು ಹೇಗೆ? ಒಂದೊಂದು ಕೀಯನ್ನೂ ನೀನೇ ಓದು ಎಂದು ಹೇಳಿದವಳು ನಾನು. ನಿಲ್ಲು ಎನ್ನುವ ಕೀಯನ್ನೂ ಅದು ಮತ್ತೊಂದು ಕೀ ಎಂದು ಓದಿ ಪಕ್ಕಕ್ಕಿಟ್ಟಿತು. ಕೊನೆಗೆ ಯಾರೋ ವೈರ್ ಕಿತ್ತರು. ಆಡನ್ನು ಹಿಂದಿನಿಂದ ಎಳೆದು ಬಿಡಿಸಿದರಂತೆ.

ಅಂದು ಸಾಹುಕಾರರು ಮಾವನೆದುರೇ ಹೇಳಿದರು: “ಸೋಮವಾರ ಒಂದ ಸಲ ತಪ್ಪಿದ್ರೂ ಹಾವೇರಿಯಿಂದ ಮಷೀನ್ ತರಸ್ತೇನಿ. ಅದು ತಾನ ಕರೀತೈತಿ. ಧ್ವನಿ ಹೆಂಗೂ ನಮ್ಮ ಕಡೆ ಐತಿ, ಮನಷ್ಯಾ ಬೇಕಾಗೂದಿಲ್ಲ.”

ಮಾವ ಮನೆಗೆ ಬಂದು ಅಂಗಿ ಬಿಚ್ಚಿ, ಮಡಚಿಟ್ಟು, ಊಟ ಬೇಡವೆಂದರು. ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಆದರೆ ನಮ್ಮ ಮೇಲಿನ ಸಿಟ್ಟನ್ನು ನಾವು ಎಲ್ಲಿ ಇಟ್ಟುಕೊಳ್ಳುತ್ತೇವೆ, ಎದುರಿಗೆ ಸಿಕ್ಕವರ ಮೇಲೆ ಹಾಕುತ್ತೇವೆ. “ಆ ದರಿದ್ರ ಸೀನು ಬಿಡ್ರಿ ಮೊದಲ! ಅಷ್ಟೂ ತಡಕೊಳ್ಳಾಕ ಆಗೂದಿಲ್ಲೇನು ನಿಮಗ?” ಎಂದು ಒದರಿದೆ. ಗಂಡ ಮೈಲೇಶ ಲಾರಿ ತೊಳೆಯುವ ನೆವ ಮಾಡಿ ಹೊರಗೆ ಹೋದ.

ಶುಕ್ರವಾರ ತಲೆ ತಣ್ಣಗಾಯಿತು. ಯೋಚಿಸಿದೆ. ಬೆರಳು ಒತ್ತಿದರೆ ಕೀ ಒಂದೇ ಬರುತ್ತದೆ. ಅಂಗೈ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಐದಾರು ಬರುತ್ತವೆ. ಹಾಗಾದರೆ ಒಂದು ಕೀ ಬಂದ ಮೇಲೆ ಪ್ರೋಗ್ರಾಮ್ ಒಂದು ಕ್ಷಣ ಕಾಯಲಿ. ಹಿಂದೆಯೇ ಇನ್ನಷ್ಟು ಕೀ ನುಗ್ಗಿ ಬಂದರೆ ಅದು ಸೀನು, ಎಲ್ಲವನ್ನೂ ಎಸೆದುಬಿಡಲಿ! ಅತ್ತೆ ದೇವವ್ವನನ್ನು ಕೀಬೋರ್ಡಿನ ಮುಂದೆ ಕೂರಿಸಿ, ಸೀನು ಬಂದರೆ ಮಾವನ ಹಾಗೆ ಅಂಗೈ ಒತ್ತಲು ಹೇಳಿ, ಪಕ್ಕದಲ್ಲಿ ಹಂಚಿನ ಮೇಲೆ ಒಣಮೆಣಸಿನಕಾಯಿ ಹುರಿದೆ. ಅತ್ತೆ ನನ್ನ ತವರನ್ನೆಲ್ಲ ನೆನೆಯುತ್ತ ಒಂಬತ್ತು ಸಲ ಸೀನಿದರು. ಒಂಬತ್ತನ್ನೂ ಪ್ರೋಗ್ರಾಮ್ ಹಿಡಿಯಿತು.

ಬಚ್ಚಲುಮನೆಯ ರೆಕಾರ್ಡಿನಲ್ಲಿ ಒಂದು ಕಡೆ ನಾನೇ ಸೀನಿದ್ದೆ. ಎಣಿಸುತ್ತಿದ್ದ ಮಾವ ಎಣಿಕೆ ನಿಲ್ಲಿಸಿ “ನೂರು ವರ್ಷ ಬಾಳವ್ವಾ” ಎಂದಿದ್ದರು. ಅದನ್ನು ಕತ್ತರಿಸಿ ಸೇರಿಸಿದೆ. ಸೀನು ಹಿಡಿದಾಗಲೆಲ್ಲ ಸ್ಪೀಕರ್ ಅದನ್ನು ಹೇಳಲಿ ಎಂದು ನನ್ನ ಆಸೆ. ಮಾವ ಆಗ ಮನೆಯಲ್ಲಿರಲಿಲ್ಲ. ಅತ್ತೆಗೂ ಮಾವನಿಗೂ ಆ ವಾರ ಮಾತು ಬಂದ್ ಇತ್ತು, ಯಾಕೆಂದು ಇಬ್ಬರಿಗೂ ನೆನಪಿರಲಿಲ್ಲ. ಇನ್ನು ನಾನು. ಒದರಿದ ಮೇಲೆ ತಗ್ಗಿ ಮಾತಾಡುವುದು ನನಗೆ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಮಾವನ ಜೊತೆ ಹೋಗಿ, ಸುಮ್ಮನೆ ಹೊಸ ಪ್ರೋಗ್ರಾಮ್ ಹಾಕಿ, ಸುಮ್ಮನೆ ಅವರ ಬೆನ್ನ ಹಿಂದೆ ನಿಂತೆ.

ಅಂದು ಸಾಲು ನೀರಿನ ಹಾಗೆ ಹರಿಯಿತು. ಮಾವ ಒಂದೇ ಬೆರಳಿನಿಂದ ಒತ್ತುತ್ತಿದ್ದರು, ಸ್ಪೀಕರ್ ಕರೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅರವತ್ತೆರಡು ಜನ ಒಳಗೆ ಹೋದರು. ಒಂದೂ ತಪ್ಪಲಿಲ್ಲ. ಆಗ ಗುಡದಪ್ಪ ಸಾಹುಕಾರರು ಬಂದರು.

“ಏಳು ಉಡಚಪ್ಪ, ನಾ ಒಂದೀಟು ನೋಡ್ತೇನಿ,” ಎಂದು ತಾವೇ ಕುರ್ಚಿಯಲ್ಲಿ ಕೂತರು.

ಸಾಹುಕಾರರು ಯಾವುದನ್ನೂ ಒಮ್ಮೆ ಒತ್ತುವವರಲ್ಲ. ಐದೂ ಬೆರಳು ಸೇರಿಸಿ ಕೀಬೋರ್ಡಿನ ಮೇಲೆ ಕುಕ್ಕಿದರು.

“ನೂರು ವರ್ಷ ಬಾಳವ್ವಾ,” ಎಂದಿತು ಸ್ಪೀಕರ್.

ಸಾಹುಕಾರರ ಮೀಸೆ ನಿಂತಲ್ಲೇ ನಿಂತಿತು. ಮತ್ತೆ ಕುಕ್ಕಿದರು.

“ನೂರು ವರ್ಷ ಬಾಳವ್ವಾ.”

ಸಾಲಿನ ಮುಂದೆಯೇ ಮೇಡ್ಲೇರಿಯ ಹೊಳಿಯವ್ವ ನಿಂತಿದ್ದಳು. ಅರವತ್ಮೂರನೆಯವಳು. “ಯಪ್ಪಾ! ಸಾಹುಕಾರ್ರು ಸೀನೂಕಿಂತ ಮೊದಲ ಆಶೀರ್ವಾದ ಸಿಗಾಕತ್ತೈತಿ!” ಎಂದಳು. ನಗು ಹೆದ್ದಾರಿಯವರೆಗೆ ಹೋಯಿತು. ಸಾಹುಕಾರರಿಗೆ ರೇಗಿ, ಹಿಟ್ಟು ನಾದುವವರ ಹಾಗೆ ಎರಡೂ ಕೈಯಿಂದ ಕುಟ್ಟಿದರು. ಸ್ಪೀಕರಿಗೆ ದಣಿವೇ ಇಲ್ಲ, ಒಂದೊಂದು ಕುಟ್ಟಿಗೂ ಬಾಳವ್ವಾ ಎಂದು ಹರಸಿತು.

“ಹನ್ನೊಂದು ಸಲ ಆತ್ರಿ. ಸಾವಿರದ ನೂರು ವರ್ಷ!” ಎಂದು ಹಿಂದಿನಿಂದ ಯಾರೋ ಕೂಗಿದರು.

ನನಗೆ ನಗು ಬರಲಿಲ್ಲ. ಸಾಲು ನಿಂತಿತ್ತು, ಒಂದು ಸಲ ತಪ್ಪಿದರೂ ಮುಗಿಯಿತು ಎಂದವರೇ ಕುರ್ಚಿಯಲ್ಲಿದ್ದರು.

“ಕೆಟ್ಟೈತಿ ಇದು! ಹಾವೇರಿಗೆ ಫೋನ್ ಹಚ್ಚು,” ಎಂದರು ಸಾಹುಕಾರರು.

ಮಾವ ಅವರ ಪಕ್ಕದಿಂದ ಕೈ ಚಾಚಿದರು. ತೋರುಬೆರಳಿನಿಂದ ಎರಡನ್ನು ಒತ್ತಿದರು, ಒಂದೇ ಸಲ. ಪ್ರೋಗ್ರಾಮ್ ಒಂದು ಕ್ಷಣ ಕಾಯಿತು.

“ಅರವತ್ಮೂರನೇ ನಂಬರ, ಎರಡನೇ ಬಾಗಲಾ!”

ಹೊಳಿಯವ್ವ ಚೀಲ ಎತ್ತಿದಳು. ಸಾಹುಕಾರರು ಇನ್ನೊಮ್ಮೆ ಕುಕ್ಕಿ ನೋಡಿದರು, ಇನ್ನೊಂದು ನೂರು ವರ್ಷ ಬಂತು. ಮಾವ ಒತ್ತಿದರು, ಅರವತ್ನಾಲ್ಕು ಬಂತು. ಸಾಹುಕಾರರು ಮಾವನ ಬೆರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಧೋತರ ಕೊಡವಿಕೊಂಡರು.

“ನೀನ ಕುಂದ್ರಪಾ ಇಲ್ಲಿ. ಇದಕ್ಕ ನಿನ್ನಂಥ ಮನಷ್ಯಾನ ಬೇಕು. ನನಗ ಸಾಕು ಈ ಆಯುಷ್ಯ,” ಎಂದು ಹೊರಟುಹೋದರು.

ನಾನು ಕುಣಿಯುವುದೊಂದು ಬಾಕಿ. ಮಾವನ ಕಡೆ ತಿರುಗಿದೆ. ಆಗ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದೆ. ಕಣ್ಣು ಕೆಂಪಗೆ ಊದಿದ್ದವು. ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿ. ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು.

“ಮಾವಾರ, ಇದೇನ್ರಿ?”

“ಮುಂಜಾನಿಂದ ತಡಕೊಂಡೇನವ್ವಾ,” ಎಂದರು ಮೂಗಿನಲ್ಲಿ. “ನೀ ಸೀನಬ್ಯಾಡ ಅಂದಿದ್ದಿ.”

ಸೀನಿದರೂ ಏನೂ ಆಗದ ಹಾಗೆ ಮಾಡಿದ್ದೇನೆ ಎಂದು ನಾನು ಅವರಿಗೆ ಹೇಳಿರಲೇ ಇಲ್ಲ. ಒಂದು ಮಾತು, ಒಂದೇ ಸಲ ಹೇಳಿದ್ದರೆ ಸಾಕಿತ್ತು. ನನಗೆ ಅತ್ತುಬಿಡುವಷ್ಟು ನಾಚಿಕೆಯಾಯಿತು.

“ತಪ್ಪಾತ್ರಿ ಮಾವಾರ,” ಎಂದೆ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ. “ಹತ್ತಿ ತಗೀರಿ. ಸೀನ್ರಿ.”

“ಏನೂ ಆಗೂದಿಲ್ಲ?”

“ಏನೂ ಆಗೂದಿಲ್ರಿ.”

ಅವರು ಹತ್ತಿ ತೆಗೆದು, ಮಡಚಿ, ಇಸ್ತ್ರಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಆಮೇಲೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ ಸೀನಲು ಶುರುಮಾಡಿದರು. ಏಳಕ್ಕೆ ನಿಲ್ಲಲಿಲ್ಲ, ಇಪ್ಪತ್ತಕ್ಕೂ ನಿಲ್ಲಲಿಲ್ಲ. ಒಂದೊಂದು ಸೀನಿಗೂ ಸ್ಪೀಕರ್ ಅವರದೇ ಧ್ವನಿಯಲ್ಲಿ ನೂರು ವರ್ಷ ಹರಸಿತು. ಮೂರು ಬಾಗಿಲೂ ಖಾಲಿಯಾಗಿ ನಿಂತಿದ್ದವು. ಸಾಲಿನಲ್ಲಿದ್ದ ಅಷ್ಟೂ ಜನ ಚೀಲದ ಮೇಲೆ ಕೂತು ಕಾದರು, ಒಬ್ಬರೂ ಲಗೂ, ಬೇಗ ಅನ್ನಲಿಲ್ಲ.