ವಿಲಾಯತಿ ಜಾಲಿ ಅಂಟು

ಗೋಕಾಕದ ಜಲಪಾತವನ್ನು ನಿಲ್ಲಿಸಿದವನು ನಾನು. ನಗಬೇಡಿ. ಕ್ಯಾಮೆರಾದ ಮುಚ್ಚಳ ತೆಗೆದು ‘ಹ್ಞೂಂ, ಅಲ್ಲಾಡಬ್ಯಾಡ’ ಎಂದದ್ದೇ ತಡ, ಅಷ್ಟೂ ನೀರು ಉಸಿರು ಬಿಗಿಹಿಡಿದು ನಿಂತಿತು. ಕೆಳಗೆ ಘಟಪ್ರಭೆ ಬತ್ತಿ, ಮೀನುಗಳು ತಲೆಯೆತ್ತಿ ಮೇಲೆ ನೋಡಿದವು. ಇದನ್ನು ನಂಬದವನು ಹುಕ್ಕೇರಿಯ ನೇಮಣ್ಣನೊಬ್ಬನೇ.

“ದುಂಡ್ಯಾ, ನಿಂತದ್ದು ನೀರಲ್ಲೋ, ನಿನ್ನ ಬಾಯಿ. ಅದ ದೊಡ್ಡ ಪವಾಡ,” ಎನ್ನುತ್ತಿದ್ದ.

ನಮ್ಮದೊಂದು ಫೋಟೊ ಮಂಡಳಿ. ಮುನ್ನೂರು ಸದಸ್ಯರು ಎಂದು ನಾನು ಊರೆಲ್ಲ ಸಾರಿದ್ದೆ. ಇದ್ದವರು ಮೂವರು: ಗೋಕಾಕದ ನಾನು, ಮೂಡಲಗಿಯ ಅಲ್ಲಪ್ಪ, ಹುಕ್ಕೇರಿಯ ನೇಮಣ್ಣ. ಮೂವರಿಗೂ ಸೇರಿ ಒಂದೇ ಕ್ಯಾಮೆರಾ, ಅದು ನೇಮಣ್ಣನದು. ಬಸದಿಗೆ ಹೋಗಿ ಬರದೆ ಬಾಯಿಗೆ ನೀರು ಹಾಕದ ಜೈನ ಅವನು. ಕ್ಯಾಮೆರಾ ಬಂದ ದಿನವೇ ಅದರ ಮಡಿಕೆ ಮಡಿಕೆಯ ತೊಗಲಿನ ತಿದಿಯನ್ನು ಕಿತ್ತೆಸೆದು, ಸಿಂಪಿಗನಿಂದ ಕರಿ ಬಟ್ಟೆಯ ತಿದಿ ಹೊಲಿಸಿದ. ಸಂದಿಯಲ್ಲಿ ಬೆಳಕು ಸೋರಿ ನಮ್ಮ ಮೊದಲ ಚಿತ್ರಗಳಲ್ಲೆಲ್ಲ ಬಿಳಿ ಗೆರೆ ಬಂತು. ಸಿಡಿಲನ್ನೇ ಹಿಡಿದೆವೆಂದು ನಾನು ಜನರಿಗೆ ತೋರಿಸಿ ಹೆಸರು ಮಾಡಿದೆ.

ಒಂದು ಬೇಸಿಗೆ ನಮ್ಮ ಮನೆಯ ಹಿಂದಿನ ಬೆಲ್ಲದ ಕೋಣೆಯಲ್ಲಿ, ಕೆಂಪು ದೀಪ ಇಟ್ಟುಕೊಂಡು ಫೋಟೊದ ಗಾಜಿನ ಪ್ಲೇಟು ತೊಳೆಯುತ್ತಿದ್ದೆವು. ಬಾವಿಯ ನೀರೂ ಕಾದಿತ್ತು. ಗಾಜಿನ ಮೇಲೆ ಚಿತ್ರ ಹಿಡಿದಿಡುವ ಅಂಟಿನ ಪದರು ಕರಗಿತು. ಚಿತ್ರದೊಳಗಿನ ಬಸದಿಯ ಕಂಬವೊಂದು ಜಾರಿ ನೇಮಣ್ಣನ ಬೆರಳಿಗೆ ಅಂಟಿತು. ಅವನು ಬೆರಳು ಮೂಸಿದ.

“ದುಂಡ್ಯಾ, ಬಡಿಗ್ಯಾರ ಉದ್ದಪ್ಪ ಸರೇಸು ಕುದಿಸಿದಾಗ ಹಿಂಗ ನಾರತೈತಲ್ಲೋ?”

ಸರೇಸೆಂದರೆ ದನದ ಎಲುಬು, ತೊಗಲು ಕುದಿಸಿ ತೆಗೆದ ಅಂಟು. ಪ್ಲೇಟಿನ ಮೇಲಿರುವುದೂ ಅದೇ ಜಾತಿಯದೆಂದು ಮುಂಬಯಿಯ ಅಂಗಡಿಯವನು ನನಗೆ ಹೇಳಿದ್ದ. ಕೊರಳಲ್ಲಿ ಲಿಂಗ ಕಟ್ಟಿದ ನಾನೂ, ಇದೇನು ತಿನ್ನುವ ವಸ್ತುವೇ ಎಂದುಕೊಂಡು ಸುಮ್ಮನಿದ್ದೆ. ನೇಮಣ್ಣ ಹಾಗೆ ಸುಮ್ಮನಿರುವವನಲ್ಲ. ಅವನು ಬಿಟ್ಟರೆ ಕ್ಯಾಮೆರಾ ಹೋಯಿತು, ಮಂಡಳಿ ಹೋಯಿತು. ನಾನು ಬರೀ ಬಾಯಿಯ ದುಂಡಪ್ಪನಾಗಿ ಉಳಿಯಬೇಕು.

“ಏ ಹುಚ್ಚಾ, ಜಾಲಿ ಅಂಟೋ ಅದು! ವಿಲಾಯತಿ ಜಾಲಿ. ಒಂದೊಂದು ಗಿಡ ನೂರು ಮೊಳ. ರಾಣಿ ಸಾಹೇಬ್ರು ಖುದ್ದ ನಿಂತು ಅಂಟು ಬಿಡಸ್ತಾರ.”

“ಆಣಿ?”

“ಕೊರಳಾಗಿನ ಲಿಂಗದ ಆಣಿ.”

ಅವನು ಆ ಕೆಂಪು ಬೆಳಕಿನಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ. “ಹಂಗಾದ್ರ ಆತು,” ಎಂದ.

ಯುದ್ಧ ಸುರುವಾಗಿ ಪ್ಲೇಟುಗಳೇ ಸಿಗದಂತಾದ ವರ್ಷ, ವಿಷಮಜ್ವರ ಬಂದು ನೇಮಣ್ಣ ತೀರಿಕೊಂಡ. ಕೆಲವು ವಾರಗಳ ಮೇಲೆ ಅವನ ಹೆಂಡತಿ ಲಕ್ಷ್ಮೀಬಾಯಿ ಹೇಳಿಕಳಿಸಿದಳು. ನಾನೂ ಅಲ್ಲಪ್ಪನೂ ಹುಕ್ಕೇರಿಗೆ ಹೋದೆವು. ಮನೆಯ ತುಂಬ ಬಳಗ ಕೂತಿತ್ತು. ನನ್ನ ಬಾಯಿ ಕೇಳಬೇಕೆ? ನೇಮಣ್ಣ ಕ್ಯಾಮೆರಾವನ್ನು ತಲೆಯ ಮೇಲಿಟ್ಟುಕೊಂಡು ಜಲಪಾತವನ್ನು ಹಗ್ಗದ ಮೇಲೆ ದಾಟಿದನೆಂದೆ. ನಡುವೆ ನಿಂತು ಹದ್ದಿನದೊಂದು ಫೋಟೊ ತೆಗೆದನೆಂದೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನನಗೂ ಹೆಮ್ಮೆಯಾಯಿತು.

ಆಗ ಲಕ್ಷ್ಮೀಬಾಯಿ ಪ್ಲೇಟಿನ ಪೆಟ್ಟಿಗೆ ತಂದು ಮುಂದಿಟ್ಟಳು.

“ದುಂಡಪ್ಪಣ್ಣಾರ, ಕೆಡವಿ ಕಟ್ಟೂಕಿಂತ ಮೊದಲಿನ ಹಳೇ ಬಸದಿ ಇದರಾಗಷ್ಟ ಉಳದೈತ್ರಿ. ಬಸದ್ಯಾಗ ಇಡಬೇಕಂತ ಮಾಡೇನಿ. ಪಂಚರು ಒಂದ ಮಾತು ಕೇಳ್ಯಾರ, ಇದಕ್ಕ ಎಲುಬು ತೊಗಲಿನ ಸಂಬಂಧ ಇಲ್ಲಲ್ಲ ಅಂತ. ಅದು ಜಾಲಿ ಅಂಟು ಅಂತ ನೀವ ಆಣಿ ಮಾಡಿದ್ರಂತಲ್ಲ?”

‘ಹೌದ್ರಿ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಮನಸ್ಸಿನಲ್ಲಿ ಆ ಗಿಡ ಆಗಲೇ ಇನ್ನೂರು ಮೊಳ ಬೆಳೆದಿತ್ತು. ಅಷ್ಟರಲ್ಲಿ ಅವಳು ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ ಮಾತು ಮುಂದುವರಿಸಿದಳು.

“ಈ ಪ್ಲೇಟಂದ್ರ ಅವರಿಗೆ ಜೀವರಿ. ಪ್ಲೇಟು ತೊಳದು ಬಂದ ದಿನ ತಲಿಮ್ಯಾಲೆ ನೀರು ಹಾಕ್ಕೊಂಡು, ಮರುದಿನ ಪೂರಾ ಉಪಾಸ. ಯಾಕ ಅಂತ ಕೇಳಿದ್ರ, ‘ಔಷಧದ ವಾಸನಿಗೆ ಹಸಿವಿ ಸತ್ತೈತಿ’ ಅಂತಿದ್ರು. ಮೊದಲ ಹಂಗಿರಲಿಲ್ಲ. ಪ್ಲೇಟು ಕರಗಿದ ಆ ಒಂದು ಬ್ಯಾಸಗಿಯಿಂದ ಸುರು ಆತು.”

ನನ್ನ ಇನ್ನೂರು ಮೊಳದ ಗಿಡ ಬುಡಸಹಿತ ಉರುಳಿತು. ಅವನಿಗೆ ಗೊತ್ತಿತ್ತು. ಚಿತ್ರವನ್ನು ಬಿಡಲು ಅವನಿಂದ ಆಗಲಿಲ್ಲ; ಲಿಂಗದ ಆಣೆ ಮಾಡಿದ ಗೆಳೆಯನನ್ನು ಸುಳ್ಳನೆನ್ನಲೂ ಆಗಲಿಲ್ಲ. ನನ್ನ ಸುಳ್ಳನ್ನು ಉಪವಾಸ ಮಾಡಿ ತನ್ನ ಹೊಟ್ಟೆಗೆ ಕಟ್ಟಿಕೊಂಡ.

“ಅಲ್ಲರಿ,” ಎಂದೆ. “ಜಾಲಿ ಅಂಟಲ್ಲ. ಸರೇಸಿನ ಜಾತೀದು. ನನಗ ಗೊತ್ತಿತ್ತು.”

ಅಲ್ಲಪ್ಪ ನಕ್ಕುಬಿಟ್ಟ. “ಇವನ ಮಾತು ಕೇಳಬ್ಯಾಡ್ರಿ ವೈನಿ. ಹುಟ್ಟಿದಾಗಿಂದ ಒಂದು ಖರೆ ಹೇಳಿದವನಲ್ಲ. ಈಗೂ ಏನೋ ಚ್ಯಾಷ್ಟಿ ನಡಸ್ಯಾನ!”

ಬಳಗದವರೂ ನಕ್ಕರು. ಮುಂದಿನ ಮಾತಿಗೆ, ಹೊಸ ಪವಾಡಕ್ಕೆ ಕಾದು ಕೂತರು. ನಗದವಳು ಲಕ್ಷ್ಮೀಬಾಯಿಯೊಬ್ಬಳೇ. ಅವಳು ಪೆಟ್ಟಿಗೆಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು ಸೆರಗಿಗೆ ಒರೆಸಿಕೊಂಡಳು.

“ಅವರಿಗೆ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ.”

“ಉಣ್ಣಲಿಲ್ಲಂತ ನಾ ಪ್ರತಿ ಸಲ ಬೈತಿದ್ದೆ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, “ಬಸದಿಗೆ ಬ್ಯಾಡ. ಮನ್ಯಾಗೂ ಬ್ಯಾಡ. ನೀವ ಒಯ್ಯರಿ,” ಎಂದಳು.

ಗೋಕಾಕದ ಮೋಟರಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಾಜೂದವನು ಅದರಲ್ಲಿ ಏನೈತಿ ಎಂದು ಕೇಳಿದ. “ಗಾಜು,” ಎಂದೆ. ಇಷ್ಟು ಸಣ್ಣ ಉತ್ತರವನ್ನು ಜನ್ಮದಲ್ಲಿ ಕೊಟ್ಟವನಲ್ಲ ನಾನು.

ಮನೆಯಲ್ಲಿ ನನ್ನ ಹೆಂಡತಿ ಕಾಶೆವ್ವ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಒಮ್ಮೆ ಕೂತರೆ ಎಂಬತ್ತು ರೊಟ್ಟಿ ಮುಗಿಸುವ ಗಂಡ ಒಲ್ಲೆನೆಂದದ್ದಕ್ಕೆ ಅವಳಿಗೆ ದಿಗಿಲಾಯಿತು.

“ಯಾಕ್ರಿ, ಏನಾತು?”

“ಔಷಧದ ವಾಸನಿಗೆ ಹಸಿವಿ ಸತ್ತೈತಿ.”

ಅವಳು ಹಿಟ್ಟಿನ ಕೈಯಲ್ಲೇ ನನ್ನ ಹತ್ತಿರ ಬಂದು ಮೂಸಿದಳು.

“ಯಾವ ಔಷಧರಿ? ಏನೂ ವಾಸನಿ ಇಲ್ಲಲ್ಲ.”