ಸಾಗುವಾನಿಗೆ ಸುಣ್ಣ ಬಳಿದವಳು

ಕಸ್ತೂರಮ್ಮ ಯಾರ ಮನೆಗೆ ಹೋದರೂ ಮೊದಲು ಗೋಡೆಗಳನ್ನು ವಿಚಾರಿಸಿಕೊಳ್ಳುತ್ತಾಳೆ, ಮನುಷ್ಯರ ಸರದಿ ಆಮೇಲೆ. ಚಪ್ಪಲಿ ಬಿಟ್ಟು ಒಳಗೆ ಬಂದವಳು ನೀರು ಬೇಡ, ಚಾ ಬೇಡ ಎನ್ನುತ್ತಲೇ ಕತ್ತೆತ್ತಿ, ಮೊಳೆಗೆ ಜೋತುಬಿದ್ದ ಫೋಟೋ ಫ್ರೇಮು, ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿರುವ ಗೋಡೆಗೂಡು, ಅಟ್ಟದ ಮೇಲಿಂದ ಇಣುಕುವ ಮುರುಕು ಕಿಟಕಿಯ ಬಾಗಿಲು, ಎಲ್ಲವನ್ನೂ ಒಂದು ಸುತ್ತು ನೋಡಿ, "ಅದ್ಯಾಕೆ ಅಲ್ಲಿ ಸಾಯ್ತಾ ಬಿದ್ದೈತೆ?" ಎಂದು ಕೇಳುತ್ತಾಳೆ. ಅವಳ ಪರಿಚಯವಿಲ್ಲದವರು ಹೌಹಾರಿ ಮೇಲೆ ನೋಡುತ್ತಾರೆ. ಪರಿಚಯವಿದ್ದವರು, "ಒಯ್ಯವ್ವ ಮಾರಾಯ್ತಿ, ನಮಗೂ ಅಟ್ಟ ಖಾಲಿ ಆಗ್ತೈತೆ" ಎಂದು ಏಣಿ ತಂದುಕೊಡುತ್ತಾರೆ.

ಅವಳು ನಡೆಯುವುದೂ ಒಂದು ಥರ. ಬಲ ಭುಜವನ್ನು ತುಸು ಮುಂದೆ ಮಾಡಿ, ಸೊಂಟದ ಮೇಲಿನ ಕೊಡ ಇಕ್ಕಟ್ಟಾದ ಬಾಗಿಲಿಗೆ ತಾಗದಂತೆ ನುಸುಳುವವಳ ಹಾಗೆ ಹೊನ್ನಾಳಿಯ ಅಗಲವಾದ ರಸ್ತೆಯಲ್ಲೂ ನಡೆಯುತ್ತಾಳೆ. ನಲ್ಲಿ ಮನೆಯೊಳಗೇ ಬಂದು ಎಷ್ಟೋ ಕಾಲವಾಯಿತು. ಕೊಡ ಇಳಿದರೂ ಭುಜ ಇಳಿದಿಲ್ಲ. ಬಣ್ಣದ ಕೆಲಸಕ್ಕೆ ಕೂತಾಗ ಸೀರೆಯ ಮೇಲೆ ಗಂಡನ ಮದುವೆಯ ಕೋಟು ತೊಡುತ್ತಾಳೆ. ಗೊಬ್ಬರದಂಗಡಿಯ ಮಹಾಂತೇಶಪ್ಪ ಅದನ್ನು ತೊಟ್ಟದ್ದು ಆರತಕ್ಷತೆಯ ಸಂಜೆ ಮಾತ್ರ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಟ್ರಂಕಿನಿಂದ ತೆಗೆದು, ಬಿಸಿಲು ತೋರಿಸಿ, ನುಸಿಗುಳಿಗೆ ಬದಲಿಸಿ ಮಡಿಸಿಟ್ಟವಳು ಇವಳು. ಕೋಟಿನ ಮೇಲೆ ಮೊದಲ ಸಲ ಸುಣ್ಣ ಸಿಡಿದಾಗ ಗಂಡ ಬಾಯಿ ತೆಗೆದ. "ನೀವು ಒಂದು ಸಂಜೆ ಹಾಕ್ಕೊಂಡ್ರಿ, ಇಷ್ಟು ಕಾಲ ಸಾಕಿದ್ದು ನಾನು. ಯಾರದ್ದಾತು ಹೇಳ್ರಿ ಕೋಟು?" ಎಂದಳು. ಮಹಾಂತೇಶಪ್ಪ ಒಳ್ಳೆಯವನು, ಆದರೆ ಇಂಥ ಪ್ರಶ್ನೆಗಳಿಗೆ ತಯಾರಾಗಿ ಬಂದವನಲ್ಲ.

ಗುಜರಿಗೆ ಬಿದ್ದ ಗೋಡೆಯ ಸಾಮಾನಿಗೆ ಬಣ್ಣ ಹಚ್ಚಿ, ಹಚ್ಚಿದ ಬಣ್ಣವನ್ನು ಅಲ್ಲಲ್ಲಿ ಅಳಿಸಿ, ಹಳ್ಳಿಮನೆಯಲ್ಲಿ ತಲೆಮಾರುಗಳ ಕಾಲ ಬಾಳಿದ ವಸ್ತುವಿನ ಹಾಗೆ ಕಾಣುವಂತೆ ಮಾಡುವುದು ಅವಳ ಕಸುಬು. ತಳಕ್ಕೆ ಕೆಂಪು ಜಾಜು. ಅದು ಆರಿದ ಮೇಲೆ ಆಯ್ದ ಜಾಗಗಳಲ್ಲಿ ಮೇಣದ ಬತ್ತಿ ಉಜ್ಜಿ, ಇಡೀ ಮೈಗೆ ಅಂಟು ಬೆರೆಸಿದ ಸುಣ್ಣ ಬಳಿಯುತ್ತಾಳೆ. ಸುಣ್ಣಕ್ಕೆ ಬಿಳಿಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ತಿಕ್ಕಿದರೆ ಮೇಣ ತಾಗಿದ ಕಡೆಯೆಲ್ಲ ಸುಣ್ಣ ಸಿಪ್ಪೆಯೆದ್ದು ಒಳಗಿನ ಕೆಂಪು ಮುಖ ತೋರಿಸುತ್ತದೆ. ಮೇಣವನ್ನು ಎಲ್ಲಿ ಉಜ್ಜಬೇಕೆಂಬುದೇ ವಿದ್ಯೆ. ಸಮವಾಗಿ ಎಲ್ಲ ಕಡೆ ಉಜ್ಜಿದರೆ ವಸ್ತು ಹಳತಾಗುವುದಿಲ್ಲ, ಬರೀ ಕಜ್ಜಿ ಹಿಡಿದ ಹಾಗೆ ಕಾಣುತ್ತದೆ. ಅಡುಗೆಮನೆಯ ಗೂಡಿನ ಬಾಗಿಲು ಸವೆಯುವುದು ಮೊಣಕೈ ತಾಗುವ ಕಡೆ, ಏಕೆಂದರೆ ತೆಗೆಯುವವಳ ಕೈಯಲ್ಲಿ ಹಿಟ್ಟಿರುತ್ತದೆ. ಬೀಸುವ ಹೊತ್ತಿಗೆ ಮಗುವನ್ನು ಕೂರಿಸಿದ ಮಣೆ ಸವೆಯುವುದು ಅಂಚಿನಲ್ಲಿ, ಏಕೆಂದರೆ ಅದನ್ನು ಕಾಲಿನಿಂದಲೇ ಹತ್ತಿರಕ್ಕೆ ಎಳೆದುಕೊಂಡಿರುತ್ತಾರೆ. ಒಂದು ಮನೆಯೊಳಗೆ ಯಾರು ಎಷ್ಟು ದುಡಿದರು ಎಂಬುದನ್ನು ಮರ ಮರೆಯುವುದಿಲ್ಲ ಎಂದು ಕಸ್ತೂರಮ್ಮನ ನಂಬಿಕೆ.

ಸುಣ್ಣದ ಕೈ ಅವಳಿಗೆ ಹೊಸದಲ್ಲ. ಕೂಡು ಕುಟುಂಬದ ದೊಡ್ಡ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ದೀಪಾವಳಿಗೂ ಗೋಡೆಗೆ ಸುಣ್ಣ, ಕೆಳಗಿನ ಪಟ್ಟಿಗೆ ಜಾಜು ಅವಳದು ಮತ್ತು ವಾರಗಿತ್ತಿ ನಿರ್ಮಲಮ್ಮನದು. ಬೆರಳ ಸಂದಿ ಸುಟ್ಟು, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ವರ್ಷ ಮನೆಗೆ ಡಿಸ್ಟೆಂಪರ್ ಬಂತು, ಅದನ್ನು ಬಳಿಯಲು ಗಂಡಾಳುಗಳು ಬಂದರು, ಅವರಿಗೆ ಕೂಲಿ, ಎರಡು ಹೊತ್ತು ಚಾ, ಮಧ್ಯಾಹ್ನ ರೊಟ್ಟಿ. ಅದೇ ಗೋಡೆ, ಅದೇ ಕುಂಚ. ಆದರೆ ಅಂದಿನಿಂದ ಅದಕ್ಕೆ ಕೆಲಸ ಎಂಬ ಹೆಸರು ಬಂತು. ಆ ರೊಟ್ಟಿಯನ್ನು ಬಡಿದವಳೂ ತಾನೇ ಎಂಬುದನ್ನು ಕಸ್ತೂರಮ್ಮ ಈಗಲೂ ನಗುತ್ತಲೇ ಹೇಳುತ್ತಾಳೆ. ಆ ನಗುವಿನ ಎದುರು ಕೂರುವುದು ಕಷ್ಟ.

ನ್ಯಾಮತಿಯ ಗುಜರಿ ಅಂಗಡಿಯ ಚಿತ್ತಪ್ಪ ಅವಳಿಗೆ ಖಾಯಂ. ಚನ್ನಗಿರಿಯಲ್ಲಿ ಹಳೇ ಮನೆ ಕೆಡವಿದರೂ ಜಗಳೂರಲ್ಲಿ ಹಳೇ ಲಾಡ್ಜು ಮುಚ್ಚಿದರೂ ಮೊದಲ ಫೋನು ಅವಳಿಗೇ. ಕೊಂಡದ್ದನ್ನು ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾಳೆ. ಒಮ್ಮೆ ಕಂಡಕ್ಟರು ಕಿಟಕಿಯ ಬಾಗಿಲೊಂದನ್ನು ತೋರಿಸಿ, "ಹೆಂಗಸ್ರಿಗೆ ಫ್ರೀ ಐತಮ್ಮ, ಬಾಗಿಲಿಗಿಲ್ಲ. ಲಗೇಜು ತಗೊಳ್ಳಿ" ಎಂದ.

"ಇದೂ ಹೆಂಗಸೇ ಕಣಪ್ಪ. ಬಂದೋರೆಲ್ಲ ದೂಡ್ತಾರೆ, ಹೋಗೋರೆಲ್ಲ ಎಳೀತಾರೆ, ಒಂದಿನಾನೂ ಯಾರೂ ಏನೂ ಕೇಳಲ್ಲ."

ಹಿಂದಿನ ಸೀಟಿನ ಹೆಂಗಸರೆಲ್ಲ ಗೊಳ್ಳೆಂದರು. ಕಂಡಕ್ಟರು ನಗು ಅದುಮಿಕೊಂಡು ಮುಂದೆ ಹೋದ.

ಇಷ್ಟೆಲ್ಲ ಬಾಯಿಯ ಕಸ್ತೂರಮ್ಮನಿಗೆ ಒಬ್ಬರ ಎದುರು ಮಾತ್ರ ಬಾಯಿರಲಿಲ್ಲ. ಗಂಡನ ಅಣ್ಣ ಜಯದೇವಪ್ಪ. ತಮ್ಮನ ಹೆಂಡತಿ ಭಾವನೊಡನೆ ಎದುರೆದುರು ಮಾತಾಡುವ ಪದ್ಧತಿ ಆ ಮನೆತನದಲ್ಲಿಲ್ಲ. ಭಾವ ಹೇಳುವುದನ್ನು ತಮ್ಮನಿಗೆ ಹೇಳುತ್ತಾನೆ, ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ.

ಆ ಕೂಡು ಮನೆಯ ಪಡಸಾಲೆಯಲ್ಲಿ ಒಂದು ಗೂಟದ ಕನ್ನಡಿಯಿತ್ತು: ಸಾಗುವಾನಿ ಹಲಗೆ, ನಡುವೆ ಬೆಲ್ಜಿಯಂ ಗಾಜು, ಕೆಳಗೆ ಸಾಲಾಗಿ ಕಡೆದ ಗೂಟಗಳು. ಅದರಲ್ಲಿ ಗಂಡಸರ ಅಂಗಿ, ಟವೆಲು, ಕೊಡೆ ತೂಗುತ್ತಿದ್ದವು. ಹೆಂಗಸರ ಒಂದು ಸೆರಗಿನ ಚೂರೂ ಅಲ್ಲಿಗೆ ಏರಿದ್ದಿಲ್ಲ. ಅವರಿಗೆ ಅಡುಗೆಮನೆಯ ಬಾಗಿಲ ಹಿಂದೆ ಅಂಗೈಯಗಲದ ಕನ್ನಡಿ, ಅದರಲ್ಲಿ ಕುಂಕುಮ ಕಂಡರೆ ಮೂಗು ಕಾಣದು. ಮನೆ ಭಾಗವಾದಾಗ ಗೂಟದ ಕನ್ನಡಿ ಜಯದೇವಪ್ಪನಿಗೆ ಹೋಯಿತು. ಹೊಸ ಮನೆ ಕಟ್ಟಿಸಿದಾಗ, ಬಾಗಿಲೆದುರು ಕನ್ನಡಿ ಇದ್ದರೆ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ವಾಸ್ತು ನೋಡುವವನು ಹೇಳಿದ್ದಕ್ಕೆ ಅವನು ಅದನ್ನು ಗುಜರಿಗೆ ಹಾಕಿದ. ಚಿತ್ತಪ್ಪನ ಅಂಗಡಿಯಲ್ಲಿ ಬೋರಲು ಬಿದ್ದಿದ್ದ ಅದನ್ನು ಕಸ್ತೂರಮ್ಮ ಗೂಟದ ಕಡೆತದಿಂದಲೇ ಗುರುತಿಸಿದಳು. ಅಂಗಡಿಯವನು ಹೇಳಿದ ಬೆಲೆಗೇ ತಲೆಯಾಡಿಸಿದಳು. "ಏನವ್ವಾ, ಚೌಕಾಸಿ ಮಾಡ್ಲಿಲ್ಲ? ಮೈಯಾಗೆ ಹುಷಾರಿಲ್ವಾ?" ಎಂದು ಚಿತ್ತಪ್ಪ ಗಾಬರಿಯಾದ.

ಹಲಗೆಗೆ ಜಾಜು, ಮೇಣ, ಸುಣ್ಣ ಎಲ್ಲ ಆಯಿತು. ಆದರೆ ಗೂಟಗಳಿಗೆ ಮಾತ್ರ ಅವಳು ಮೇಣ ಮುಟ್ಟಿಸಲಿಲ್ಲ. ಅವು ಅಚ್ಚ ಬಿಳುಪಾಗಿ ಉಳಿದವು. "ಇವು ಇನ್ನು ಮೇಲೆ ಸವೀಲಿ, ನನ್ ಕೈಯಾಗೆ" ಎಂದು ತನ್ನ ಪಡಸಾಲೆಯ ಗೋಡೆಗೆ ತಾನೇ ಮೊಳೆ ಹೊಡೆದು ನೇತುಹಾಕಿದಳು.

ಸುದ್ದಿ ಜಯದೇವಪ್ಪನಿಗೆ ಮುಟ್ಟಿತು. ಅಷ್ಟರಲ್ಲಿ ಅವನ ಮಗನಿಗೆ ದಾವಣಗೆರೆಯ ಹೆಣ್ಣು ಗೊತ್ತಾಗಿತ್ತು. ಬೀಗರ ಮನೆಯ ಗೋಡೆಯ ತುಂಬ ಹಳೇ ಕಾಲದ ಸಾಮಾನು, ಹಿತ್ತಾಳೆ ಬೀಗ, ಕೆತ್ತನೆಯ ಬಾಗಿಲು. ನಿಶ್ಚಿತಾರ್ಥಕ್ಕೆ ಅವರು ಬರುವಷ್ಟರಲ್ಲಿ ತನ್ನ ಗೋಡೆಯ ಮೇಲೂ ಮನೆತನ ಕಾಣಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ನಿರ್ಮಲಮ್ಮನೊಂದಿಗೆ ಬಂದವನೇ ಗೋಡೆ ನೋಡಿ ಕೆಂಡವಾದ.

"ಏನೋ ಮಾಂತೇಶ, ಅಪ್ಪಾಜಿ ಅಂಗಿ ತೂಗಾಕ್ತಿದ್ದ ಗೂಟ ಇದು. ಸಾಗುವಾನಿ! ಸಾಗುವಾನಿಗೆ ಯಾರಾದ್ರೂ ಸುಣ್ಣ ಬಳೀತಾರೇನೋ? ನಿನ್ನ ಹೆಂಡ್ತಿಗೆ ಹೇಳು, ಇದನ್ನೆಲ್ಲ ಕೆರೆದು ಪಾಲಿಷ್ ಹೊಡ್ಸಿ ನಮ್ಮನೆಗೆ ಕಳಿಸಾಕೆ."

ಮಹಾಂತೇಶಪ್ಪ ಹೆಂಡತಿಯ ಕಡೆ ತಿರುಗುವ ಮೊದಲೇ ಉತ್ತರ ಬಂತು, ನೇರ ಭಾವನಿಗೇ.

"ಗುಜರಿಗೆ ಹಾಕೋವಾಗ ಮಾವಾರ ಅಂಗಿ ನೆನಪಾಗ್ಲಿಲ್ವಾ ಭಾವಾರೆ?"

ಜಯದೇವಪ್ಪ ಆಗಲೂ ತಮ್ಮನನ್ನೇ ನೋಡಿದ. "ಕೇಳಿದ್ಯೇನೋ? ಹೆಂಗೆ ಎದುರು ಮಾತಾಡ್ತಾಳೆ!"

"ಅವ್ರನ್ಯಾಕೆ ಕೇಳ್ತೀರಿ? ನಾನು ಇಲ್ಲೇ ನಿಂತೀನಿ. ದೀಪಾವಳಿ ಬಂದಾಗೆಲ್ಲ ಇಡೀ ಮನೆಗೆ ಬಳಿದ್ವಲ್ಲ ನಾನೂ ಅಕ್ಕಾನೂ, ಆಗ ಸುಣ್ಣ ಚೆಂದಿತ್ತು. ಈಗ ಕೆಟ್ಟೋತಾ?"

"ಹೋಗ್ಲಿ ಕೊಟ್ಬಿಡೇ," ಮಹಾಂತೇಶಪ್ಪ ಗೊಣಗಿದ. "ಮಾರಾಕೆ ತಾನೆ ನೀನು ಮಾಡೋದು? ಇನ್ನೊಂದು ಮಾಡ್ಕೊಂಡ್ರಾತು."

"ಮಾರಾಕೆ ಮಾಡಿದ್ದು ಹಿತ್ತಲಾಗೆ ಐತೆ, ಬೇಕಾದ್ದು ಆರಿಸ್ಕೊಳ್ಳಿ. ಇದು ನಂದು. ಕೆರೆಯಾಕೂ ಬಿಡಲ್ಲ, ಒಯ್ಯಾಕೂ ಬಿಡಲ್ಲ."

ಆ ಮನೆತನದ ಹೆಂಗಸರು ತಾವು ಹೇರಿಕೊಂಡು ಬಂದ ಒಡವೆಯ ಬಗ್ಗೆಯೂ ಅಷ್ಟು ಗಟ್ಟಿಯಾಗಿ ನಂದು ಎಂದವರಲ್ಲ. ಜಯದೇವಪ್ಪ ಎದ್ದು ಹಲಗೆಗೆ ಕೈ ಹಾಕಿದ. ಕಸ್ತೂರಮ್ಮ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಆಗ ನಿರ್ಮಲಮ್ಮ ಎದ್ದು ಬಂದು, ಗಂಡನ ಕೈಯನ್ನು ನೊಣ ಓಡಿಸುವ ಹಾಗೆ ಪಕ್ಕಕ್ಕೆ ಸರಿಸಿ, ವಾರಗಿತ್ತಿಯನ್ನೂ ತುಸು ಆಚೆ ಸರಿಸಿ, ಕನ್ನಡಿಯಲ್ಲಿ ತನ್ನ ಪೂರ್ತಿ ಮುಖವನ್ನು ನಿಧಾನವಾಗಿ ನೋಡಿಕೊಂಡಳು. ಹಣೆಯ ವಿಭೂತಿಯನ್ನು ಸರಿಮಾಡಿಕೊಂಡಳು.

"ಇರ್ಲಿ ಬಿಡ್ರಿ ಇಲ್ಲೇ," ಎಂದಳು. "ಅಲ್ಲಿಗೆ ಒಯ್ದ್ರೆ ಇದರ ಧೂಳು ಹೊಡಿಯೋಳು ನಾನೇ. ಇಲ್ಲಿದ್ರೆ ಬಂದಾಗ ಮುಖನಾದ್ರೂ ನೋಡ್ಕೊಂತೀನಿ."

ಜಯದೇವಪ್ಪ ಚಪ್ಪಲಿ ಹುಡುಕಿಕೊಂಡು ಹೊರಟ. ನಿರ್ಮಲಮ್ಮ ಚಾ ಕುಡಿದೇ ಹೋದಳು.

ಇಂಥ ಹೆಂಗಸರು ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಮನೆ ಮುರಿಯುವವರಲ್ಲ, ಬಿಟ್ಟು ಹೋಗುವವರೂ ಅಲ್ಲ. ಇದ್ದ ಮನೆಯಲ್ಲೇ ತಮಗೂ ಒಂದು ಗೋಡೆ ಉಂಟೆಂದು ಒಂದು ದಿನ ಹೇಳಿಬಿಡುತ್ತಾರೆ. ಊರು ಅವರನ್ನು ಹಟಮಾರಿ ಎನ್ನುತ್ತದೆ, ವಯಸ್ಸಾದ ಮೇಲೆ ಬಾಯಿ ಬಂತು ಎನ್ನುತ್ತದೆ. ಬಾಯಿ ಮೊದಲಿನಿಂದಲೂ ಇತ್ತು. ಎಲ್ಲರದೂ ಊಟ ಮುಗಿಯಲಿ ಎಂದು ಕಾದಿತ್ತು, ಅಷ್ಟೆ.