ಮಾಯೀಜಿಯ ಬಾಯಿಗೆ ಬಂದ ಮಾತು

ಘೋಡ್‌ಬಂದರ್ ರಸ್ತೆಯ ಸ್ಟುಡಿಯೊದಲ್ಲಿ ಊಟದ ಬಿಡುವಾಗಿತ್ತು. ಮೇಕಪ್ ಕೋಣೆಯಲ್ಲಿ ಉಮಾವತಿ ಸೊಂಟದ ಕೀಲಿಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕಾಲುಗಳನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು. ಹನ್ನೆರಡು ವರ್ಷಗಳಿಂದ ಆ ಹಿಂದಿ ಧಾರಾವಾಹಿಯಲ್ಲಿ ಅವಳೇ ಹವೇಲಿಯ ಹಿರಿಯಾಕೆ, ಮಾಯೀಜಿ. ಮೂವರು ಸೊಸೆಯರು ಬಂದರು, ಇಬ್ಬರು ಹೋದರು, ಒಬ್ಬ ಮಗ ಸತ್ತು ಮತ್ತೆ ಬದುಕಿ ಬಂದ. ಮಾಯೀಜಿ ಮಾತ್ರ ಅಲುಗದೆ ನಿಂತಿದ್ದಳು. "ಮನೆಯಲ್ಲಿ ಬೀರುವಿನ ಕೀಲಿ ಎಲ್ಲಿಟ್ಟೆ ಅಂತ ಗೊತ್ತಿಲ್ಲ, ಅಲ್ಲಿ ಸೊಂಟದಲ್ಲಿ ಗೊಂಚಲು ನೇತಾಡಿಸ್ತಾಳೆ" ಎಂದು ಗಂಡ ಲೀಲಾಧರ ಡೊಂಬಿವಲಿಯ ತಮ್ಮ ಹೌಸಿಂಗ್ ಸೊಸೈಟಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಬಾಗಿಲಲ್ಲಿ ಒಬ್ಬ ಯುವಕ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದ.

"ಆಂಟಿ, ನಾನು ಸುಜನ್. ಕೋಪರಖೈರಣೆಯ ಸತ್ಯಭಾಮಾ ಅವರ ಮಗ. ಅಮ್ಮ ಬನ್ಸ್ ಕೊಟ್ಟು ಕಳಿಸಿದ್ದಾರೆ. ನಿಮ್ಮ ಉಪಕಾರ ಮರೆಯೋದಿಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ರು."

ಉಮಾವತಿಗೆ ಉಪಕಾರ ಯಾವುದೆಂದು ನೆನಪಾಗಲಿಲ್ಲ. ಆದರೂ ಡಬ್ಬಿ ಇನ್ನೂ ಬಿಸಿಯಿತ್ತು. ಅಷ್ಟು ದೂರದಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ, ಪಾಪ.

"ಎಂತ ಉಪಕಾರ ಮಾರಾಯಾ?"

"ಆವತ್ತು ಕನ್ನಡ ಸಂಘದ ಹಳದಿ–ಕುಂಕುಮದ ದಿನ ನೀವು ನಿಶ್ಮಿತಾಗೆ ಹೇಳಿದ್ರಲ್ಲ. ಅವಳು ಕಲ್ಯಾಣದ ಕ್ಲಿನಿಕ್ಕಿನಲ್ಲಿ ಫಿಸಿಯೋ. ನಮ್ಮ ಮನೆಯಿಂದ ದಿನಾ ಹೋಗಿ ಬರೋದು ಆಗ್ತಿರಲಿಲ್ಲ. ವಾರವಿಡೀ ಠಾಕುರ್ಲಿಯಲ್ಲಿ ತಾಯಿ ಹತ್ತಿರ ಇದ್ದು, ಶನಿವಾರ ಬರ್ತೇನೆ ಅಂತ ಬ್ಯಾಗ್ ಕಟ್ಟಿ ಇಟ್ಟಿದ್ಲು. ಅಮ್ಮಂಗೆ ಅದು ಮನೆ ಬಿಟ್ಟು ಹೋದ ಹಾಗೆ. ನೀವು ಹೇಳಿದ್ದೇ, ಆ ರಾತ್ರಿ ಬ್ಯಾಗ್ ಖಾಲಿ ಮಾಡಿದ್ಲು. ಈಗ ನಮ್ಮ ಹೋಟೆಲ್ಲಿನ ಗಲ್ಲಾದಲ್ಲಿ ಕೂತ್ಕೊಳ್ತಾಳೆ."

"ಹ್ಯಾಗಿದ್ದಾಳೆ?"

"ಶಾಂತ ಇದ್ದಾಳೆ. ಮಾತು ಕಮ್ಮಿ. ಮೊದಲು ಮನೇಲಿ ರೇಡಿಯೊ ಇದ್ದ ಹಾಗಿತ್ತು." ಅವನು ನಗಲು ನೋಡಿದ. ನಗು ಪೂರ್ತಿ ಬರಲಿಲ್ಲ. "ಡಾಕ್ಟ್ರು ಸೋಮವಾರದವರೆಗೆ ಅವಳ ಜಾಗ ಇಟ್ಟಿದ್ದಾರಂತೆ. ಆಮೇಲೆ ಬೇರೆಯವರನ್ನ ತಗೊಳ್ತಾರೆ."

ಅವನು ಹೋದ ಮೇಲೆ ಉಮಾವತಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಆ ಸಂಜೆ ನಿಧಾನವಾಗಿ ನೆನಪಿಗೆ ಬಂತು. ವೇದಿಕೆ, ಕೈಗೆ ಕೊಟ್ಟ ಮೈಕು, ಎದುರಿಗೆ ಹಸಿರು ಸೀರೆಯ ಹುಡುಗಿಯೊಬ್ಬಳು. ಹಿಂದಿನಿಂದ ಸತ್ಯಭಾಮಾ ಕಿವಿಯ ಬಳಿ ಉಸುರಿದ್ದಳು: "ಇವಳು ನನ್ನ ಸೊಸೆ ಮಾರ್ರೆ. ಆ ಚೌಖಟ್‌ನ ಡೈಲಾಗ್ ಹೇಳಿ ಒಂದು." ಉಮಾವತಿ ಯಾಕೆ ಏನು ಎಂದು ಕೇಳಲಿಲ್ಲ. ಬಲಗೈ ತಾನಾಗಿ ಮೇಲೆದ್ದು ಹುಡುಗಿಯ ತಲೆಯ ಮೇಲೆ ಕೂತಿತು, ದನಿ ಇಳಿಯಿತು, ಕಣ್ಣು ತುಂಬಿತು.

"ಇಸ್ ಘರ್ ಕೀ ಬಹೂ ಚೌಖಟ್ ಲಾಂಘ್‌ತೀ ನಹೀಂ, ಚೌಖಟ್ ಸಂಭಾಲ್‌ತೀ ಹೈ."

ಈ ಮನೆಯ ಸೊಸೆ ಹೊಸಿಲು ದಾಟುವವಳಲ್ಲ, ಹೊಸಿಲು ಕಾಯುವವಳು. ಇಡೀ ಹಾಲ್ ಚಪ್ಪಾಳೆ ತಟ್ಟಿತ್ತು.

ಸೆಟ್ಟಿನಲ್ಲಿ ಹಾಗೆಯೇ ಅಭ್ಯಾಸ. ದೃಶ್ಯದ ಹಾಳೆಗಳು ಬರುವುದೇ ಲೈಟ್ ಹಚ್ಚಿದ ಮೇಲೆ. ಓದಲು ಹೊತ್ತಿಲ್ಲ. ಕ್ಯಾಮೆರಾದ ಹಿಂದೆ ಸಹಾಯಕಿ ತೃಪ್ತಿ ನಿಂತು ಒಂದೊಂದು ಸಾಲನ್ನೂ ಚಪ್ಪಟೆ ದನಿಯಲ್ಲಿ ಹೇಳಿಕೊಡುತ್ತಾಳೆ. ಅದು ಕಿವಿಗೆ ಬಿದ್ದೊಡನೆ ಉಮಾವತಿಯ ಬಾಯಲ್ಲಿ ಮಾಯೀಜಿಯ ಮಾತಾಗುತ್ತದೆ. ಈ ಕಲೆಗೆ ಅವಳಿಗೆ ಹೆಸರಿತ್ತು. 'ಒಂದೇ ಟೇಕ್ ಮೌಶಿ', ಒಂದೇ ಸಲಕ್ಕೆ ಮುಗಿಸುವ ಚಿಕ್ಕಮ್ಮ, ಎನ್ನುತ್ತಿದ್ದರು.

ಸಂಜೆ ತೃಪ್ತಿ ಚಹಾ ತಂದುಕೊಟ್ಟಾಗ ಉಮಾವತಿ ಎಲ್ಲ ಹೇಳಿದಳು.

"ಅರೇ ಮೌಶಿ, ಅದು ಡೈಲಾಗ್. ಬರೆದವರು ರೈಟರು, ಹೇಳಿಕೊಟ್ಟದ್ದು ನಾನು. ನಿಮ್ಮದೇನು ಅದರಲ್ಲಿ?"

"ಆವತ್ತು ಹೇಳಿಕೊಟ್ಟದ್ದು ನೀನಲ್ಲವಲ್ಲ."

ತೃಪ್ತಿ ಗಲ್ಲ ಕೆರೆದುಕೊಂಡಳು. "ಒಂದು ಮಾತು ಹೇಳಲಾ? ಬೈಯಬೇಡಿ. ಇಷ್ಟು ವರ್ಷದಲ್ಲಿ ಸೀನ್ ಏನು ಅಂತ ನೀವು ಒಂದು ದಿನವೂ ನನ್ನ ಕೇಳಲಿಲ್ಲ." ಹಾಗೆಂದವಳೇ ಹೆದರಿ, ಬಿಸ್ಕತ್ತಿನ ಪೊಟ್ಟಣವನ್ನು ಉಮಾವತಿಯ ಕಡೆ ಸರಿಸಿದಳು. ಆಮೇಲೆ ಅವಳೇ ಅಂದಳು: "ಹಾಗಾದರೆ ಇನ್ನೊಂದು ಡೈಲಾಗ್ ಹೇಳಿಬಿಡಿ ಅಲ್ಲಿ ಹೋಗಿ. ಮಾಯೀಜಿ ಕಟ್ಟಿದ್ದನ್ನ ಮಾಯೀಜಿಯೇ ಬಿಚ್ಚಬೇಕು. ನಾನು ಬರೆದುಕೊಡ್ತೇನೆ."

ರಾತ್ರಿ ಊಟಕ್ಕೆ ಕೂತಾಗ ಲೀಲಾಧರ ಬನ್ಸ್ ಮುರಿದು ಬಾಯಿಗಿಟ್ಟು, "ಬಾಳೆಹಣ್ಣು ಸರಿಯಾಗಿ ಬಿದ್ದಿದೆ. ಒಳ್ಳೆ ಕೈ ಹೆಂಗಸಿಂದು" ಎಂದ. ಹೆಂಡತಿ ತಟ್ಟೆಯನ್ನೇ ನೋಡುತ್ತಿರುವುದನ್ನು ಕಂಡು ತಮಾಷೆ ಬಿಟ್ಟ. "ಭಾನುವಾರ ಶೂಟಿಂಗ್ ಇಲ್ಲ ಅಲ್ವಾ? ಹೋಗಿ ಬಾ. ಸಾರು ನಾನೇ ಮಾಡ್ತೇನೆ."

ಭಾನುವಾರ ಉಮಾವತಿ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿಂದ ಗಾಡಿ ಬದಲಿಸಿ ಕೋಪರಖೈರಣೆಗೆ ಹೋದಳು. ಹತ್ತಿಯ ಸೀರೆ, ಪುಟ್ಟ ಬೊಟ್ಟು. ಬಾಗಿಲು ತೆರೆದ ಸತ್ಯಭಾಮಾ ಕ್ಷಣ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಅಯ್ಯೋ ದೇವರೇ, ಫೋನ್ ಮಾಡಿದ್ರೆ ಹೋಟೆಲ್ಲಿಂದ ಸುಜನ್‌ನನ್ನ ಸ್ಟೇಷನ್ನಿಗೆ ಕಳಿಸ್ತಿದ್ದೆ! ಬಿಸಿಲಲ್ಲಿ ನಡೆದು ಬಂದ್ರಾ? ಫ್ಯಾನ್ ಹಾಕು ನಿಶ್ಮಿತಾ."

ನಿಶ್ಮಿತಾ ಬಂದಳು, ಫ್ಯಾನ್ ಹಾಕಿದಳು, ನೀರು ಕೊಟ್ಟಳು, ಒಳಗೆ ಹೋದಳು.

ಸುದ್ದಿ ಹೇಗೆ ಹಬ್ಬಿತೋ, ಅರೆಗಳಿಗೆಯಲ್ಲಿ ಮಹಡಿಯ ಹೆಂಗಸರೆಲ್ಲ ಬಂದು ಸೋಫಾ ತುಂಬಿದರು. "ಮೇಕಪ್ಪಿಲ್ಲದೆ ನಮ್ಮ ಹಾಗೆಯೇ ಇದ್ದಾರೆ ನೋಡಿ" ಎಂದು ಒಬ್ಬಳು ಎದುರಿಗೇ ಹೇಳಿದಳು. "ಮಾಯೀಜಿ ಸಾಯೋದಿಲ್ಲ ತಾನೇ?" ಎಂದು ಇನ್ನೊಬ್ಬಳು. ಕೊನೆಗೆ ಸತ್ಯಭಾಮಾಳೇ ಕೈ ಜೋಡಿಸಿದಳು. "ಒಂದು ಡೈಲಾಗ್, ಉಮಕ್ಕ."

ಇದಕ್ಕೇ ಕಾದಿದ್ದ ಉಮಾವತಿ ಎದ್ದು ನಿಂತಳು. ಬೆನ್ನು ನೆಟ್ಟಗಾಯಿತು, ಸೊಂಟದಲ್ಲಿ ಇಲ್ಲದ ಗೊಂಚಲನ್ನು ಕೈ ಹುಡುಕಿತು. ತೃಪ್ತಿ ಬರೆದುಕೊಟ್ಟ ಸಾಲನ್ನು ಮಾಯೀಜಿಯ ಪೂರ್ತಿ ದನಿಯಲ್ಲಿ ಹೇಳಿದಳು: "ಬಹೂ ಕೋ ಚಾಬೀ ದೀ ಹೈ, ತೋ ದರ್ವಾಜಾ ಭೀ ಉಸೀ ಕಾ ಹೈ. ಜಾನೇ ದೋ ಉಸೇ."

ಕೀಲಿ ಸೊಸೆಗೆ ಕೊಟ್ಟ ಮೇಲೆ ಬಾಗಿಲೂ ಅವಳದೇ, ಹೋಗಲು ಬಿಡಿ. ಸ್ಪಷ್ಟವಾಗಿಯೇ ಹೇಳಿದ್ದಳು. ಹೆಂಗಸರು ಕುಣಿದಾಡಿಬಿಟ್ಟರು. "ವಾಹ್! ಇದು ಯಾವ ಎಪಿಸೋಡಿನದು?" "ಇನ್ನೂ ಬಂದಿಲ್ಲ ಕಾಣ್ತದೆ." ಸತ್ಯಭಾಮಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು, ಕಣ್ಣೊರೆಸಿಕೊಂಡಳು. "ಎಷ್ಟು ಚೆಂದ ಹೇಳ್ತೀರಿ ಮಾರ್ರೆ!" ಎಂದು ಮತ್ತೊಂದು ಬನ್ಸ್ ಬಡಿಸಿದಳು.

ಅಷ್ಟೇ. ಆ ದಿನ ಮನೆಯೊಳಗೆ ಬಂದು ಬೇರು ಬಿಟ್ಟಿದ್ದ ಮಾತು, ಇವತ್ತು ಚಪ್ಪಾಳೆಯ ಜೊತೆ ಕಿಟಕಿಯಿಂದ ಹೊರಗೆ ಹೋಯಿತು. ತಾನು ಆ ದಿನ ಯಾರ ಮನಸ್ಸನ್ನೂ ಬದಲಿಸಿರಲಿಲ್ಲ, ಬಲವಿದ್ದವರ ಕೈಗೆ ಇನ್ನಷ್ಟು ಬಲ ಕೊಟ್ಟಿದ್ದಳು, ಅಷ್ಟೇ ಎಂದು ಉಮಾವತಿಗೆ ಈಗ ತಿಳಿಯಿತು.

ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಹೋದಳು. ನಿಶ್ಮಿತಾ ಕಾಫಿಯ ಪಾತ್ರೆ ತಿಕ್ಕುತ್ತಿದ್ದಳು.

"ನಿಶ್ಮಿತಾ, ಆವತ್ತು ನಾನು..."

"ರೆಹನೇ ದೋ ಆಂಟಿ, ಬಿಡಿ." ತಿರುಗಲಿಲ್ಲ. ತೊದಲು ಕನ್ನಡದಲ್ಲಿ ಹೇಳಿದಳು: "ನೀವು ನನ್ನ ತಲೆ ಮೇಲೆ ಕೈ ಇಟ್ರಿ. ನೋಡಿದ್ದು ಮಾತ್ರ ಸುಜನ್‌ನ ಮೊಬೈಲ್ ಕಡೆ. ನಿಮ್ಮ ಕಣ್ಣಲ್ಲಿ ನೀರಿತ್ತು. ಅಷ್ಟೂ ಜನರ ಎದುರಿಗೆ ನಾನು ಇಲ್ಲ ಅಂತ ಹೇಗೆ ಹೇಳೋದು? ಮನೆಗೆ ಬಂದು ಅತ್ತೆ ಆ ವಿಡಿಯೊ ನಮ್ಮಮ್ಮಂಗೂ ಕಳಿಸಿದ್ರು. ಅಮ್ಮನೂ ಹೇಳಿದ್ಲು, 'ಅಷ್ಟು ದೊಡ್ಡವರು ಹೇಳಿದ ಮೇಲೆ ಇರು ಮಗಾ' ಅಂತ."

ಉಮಾವತಿ ನಲ್ಲಿಯ ಪಕ್ಕ ನಿಂತೇ ಇದ್ದಳು. ಯಾವ ಮುಖವನ್ನು ನೋಡಿರಲಿಲ್ಲವೋ ಆ ಮುಖ ಈಗ ಅರ್ಧ ಕಾಣುತ್ತಿತ್ತು. ಬೆವರಿಗೆ ಕೂದಲು ಅಂಟಿದ ಕೆನ್ನೆ, ಕಚ್ಚಿಕೊಂಡ ತುಟಿ.

"ನಿಂಗೆ ಹೋಗ್ಬೇಕಾ?"

"ಅದನ್ನ ಯಾರೂ ಕೇಳಲೇ ಇಲ್ಲ." ನಿಶ್ಮಿತಾ ಪಾತ್ರೆ ಕೆಳಗಿಟ್ಟಳು. "ಹೋಗ್ಬೇಕು."

ಉಮಾವತಿ ಹೊರಗೆ ಬಂದಳು. ಹಾಲಿನಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ಅಭ್ಯಾಸದಂತೆ ಕಿವಿ ಹಿಂದಿನ ದನಿಗಾಗಿ ಕಾಯಿತು. ಯಾರೂ ಏನೂ ಹೇಳಿಕೊಡಲಿಲ್ಲ. ಹನ್ನೆರಡು ವರ್ಷಗಳಲ್ಲಿ ಎಷ್ಟು ಜನರ ಎದುರು ಮಾತಾಡಿದ್ದಳು, ತನ್ನದೇ ಒಂದು ವಾಕ್ಯಕ್ಕೆ ಈಗ ತಡಕಾಡುತ್ತಿದ್ದಳು.

"ಸತ್ಯಭಾಮಾ, ಆ ದಿನ ನಾನು ಹೇಳಿದ್ದು ತಪ್ಪು."

"ಯಾವುದು?"

"ಚೌಖಟ್‌ನದ್ದು. ನೀವು ಹಿಂದಿನಿಂದ ಹೇಳಿ ಅಂದ್ರಿ, ನಾನು ಹೇಳಿಬಿಟ್ಟೆ. ಹುಡುಗಿ ಯಾರು, ಅವಳ ಕಷ್ಟ ಎಂತ, ಒಂದೂ ಕೇಳಲಿಲ್ಲ. ನಂಗೆ ಅದು ಬರೀ ಡೈಲಾಗು. ಅವಳಿಗೆ ಅದು ಅವಳ ಕೆಲಸದ ಪ್ರಶ್ನೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ಯಭಾಮಾಳ ನಗು ಮೆಲ್ಲಗೆ ಇಳಿಯಿತು.

"ಇದು ಈಗ ಯಾರು ಮಾತಾಡೋದು?"

"ಉಮಾವತಿ. ಡೊಂಬಿವಲಿಯವಳು."

"ಉಮಾವತಿಯ ಮಾತು ನಾನು ಯಾಕೆ ಕೇಳ್ಬೇಕು?"

"ಕೇಳ್ಬೇಕಂತ ಇಲ್ಲ. ಆ ದಿನದ್ದನ್ನೂ ಕೇಳ್ಬೇಕಂತ ಇರಲಿಲ್ಲ."

ನೆರೆಯವರು 'ಗ್ಯಾಸಿನ ಮೇಲೆ ಹಾಲಿಟ್ಟು ಬಂದಿದ್ದೇನೆ' ಎನ್ನುತ್ತ ಒಬ್ಬೊಬ್ಬರಾಗಿ ಎದ್ದರು. ಸತ್ಯಭಾಮಾ ಸೋಫಾದ ಅಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಇದ್ದ ಒಬ್ಬ ಮಗನ ಮನೆ ಎರಡಾಗುತ್ತದೆಂದು ಹೆದರಿದವಳು. ಎಲ್ಲರೆದುರು ಅವಳ ಮುಖ ಕೆಳಗಾಗುವಂತೆ ಮಾಡಿದ್ದೂ ತಾನೇ ಎಂದು ಉಮಾವತಿಗೆ ಮತ್ತೆ ಚುಚ್ಚಿತು.

ಅಷ್ಟರಲ್ಲಿ ನಿಶ್ಮಿತಾ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಹೆಗಲಲ್ಲಿ ಬ್ಯಾಗಿತ್ತು.

"ಅತ್ತೆ, ನಾನು ಅಮ್ಮನ ಮನೆಗೆ ಹೋಗ್ತೇನೆ. ಆಂಟಿ ಜೊತೆ."

"ಹೋಗಿ ಬಾ. ಕ್ಲಿನಿಕ್ಕಿನ ವಿಷಯ ಸುಜನ್ ಬಂದ ಮೇಲೆ ನೋಡುವ."

"ನೋಡೋದು ಏನಿಲ್ಲ ಅತ್ತೆ. ನಾಳೆ ಕ್ಲಿನಿಕ್ಕಿಗೆ ಹೋಗ್ತೇನೆ. ಶನಿವಾರ ಇಲ್ಲಿ ಬರ್ತೇನೆ. ಸುಜನ್‌ಗೆ ಈಗಲೇ ಫೋನ್ ಮಾಡಿ ಹೇಳಿದೆ."

"ಅವನೆಂತ ಅಂದ?"

"'ಅಮ್ಮಂಗೆ ಬೇಜಾರಾಗದ ಹಾಗೆ ಹೇಳು' ಅಂದ."

ಸತ್ಯಭಾಮಾ ಸುತ್ತಿದ್ದ ಸೆರಗನ್ನು ಬಿಡಿಸಿದಳು. ಆಮೇಲೆ ಎದ್ದು ಒಳಗೆ ಹೋದಳು. ಡಬ್ಬಿಗಳ ಸದ್ದು ಕೇಳಿತು. ಎರಡು ಡಬ್ಬಿ ತಂದು, ದೊಡ್ಡದನ್ನು ಸೊಸೆಯ ಕೈಗೆ ಕೊಟ್ಟಳು. "ನಿಮ್ಮಮ್ಮಂಗೆ. ಖಾಲಿ ಡಬ್ಬಿ ಶನಿವಾರ ತಾ." ಸಣ್ಣದನ್ನು ಉಮಾವತಿಯ ಕಡೆ ಚಾಚಿದಳು, ಮುಖ ನೋಡದೆ. ಆದರೆ ಮುಚ್ಚಳ ಗಟ್ಟಿಯಾಗಿದೆಯೇ ಎಂದು ಎರಡು ಸಲ ಒತ್ತಿ ನೋಡಿಯೇ ಕೊಟ್ಟಳು.

ಠಾಣೆಯಲ್ಲಿ ಹತ್ತಿದ ಕಲ್ಯಾಣ ಗಾಡಿಯ ಹೆಂಗಸರ ಬೋಗಿ ಭಾನುವಾರವಾದರೂ ತುಂಬಿತ್ತು. ನಿಶ್ಮಿತಾಗೆ ಜಾಗ ಸಿಕ್ಕಿತು. ಉಮಾವತಿ ಅವಳ ಎದುರಿಗೆ ಹಿಡಿಕೆ ಹಿಡಿದು ನಿಂತಳು. ಕ್ಷಮಿಸು ಎನ್ನಬೇಕೆಂದು ದಾರಿಯಲ್ಲಿ ಎರಡು ಸಲ ಬಾಯಿ ತೆರೆದಿದ್ದಳು. ಅದೂ ಎಲ್ಲೋ ಹೇಳಿದ ಡೈಲಾಗಿನ ಹಾಗೆ ಕೇಳೀತೆಂದು ಮುಚ್ಚಿಕೊಂಡಿದ್ದಳು.

ಕಿಟಕಿ ಪಕ್ಕದ ಹೆಂಗಸು ಅವಳನ್ನೇ ನೋಡುತ್ತಿದ್ದವಳು ಕೂಗಿಯೇಬಿಟ್ಟಳು. "ಮಾಯೀಜಿ! ತುಮೀಚ್ ನಾ, ನೀವೇ ಅಲ್ವಾ? ಒಂದು ಡೈಲಾಗ್ ಹೇಳಿ ನಾ, ಪ್ಲೀಸ್!" ಸುತ್ತಲಿನ ಮೂರು ನಾಲ್ಕು ಮೊಬೈಲುಗಳು ಮೇಲೆದ್ದವು.

ಉಮಾವತಿ ಮೊಬೈಲುಗಳನ್ನು ನೋಡಲಿಲ್ಲ. ನಿಶ್ಮಿತಾಳನ್ನು ನೋಡಿದಳು. ಹುಡುಗಿ ತಲೆ ತಗ್ಗಿಸಿ ತೊಡೆಯ ಮೇಲಿನ ಡಬ್ಬಿಯನ್ನು ಹಿಡಿದುಕೊಂಡಿದ್ದಳು, ಏನು ಬರುತ್ತದೋ ಎಂಬಂತೆ.

"ಇವತ್ತು ಬೇಡಮ್ಮ. ಹೇಳಲಿಕ್ಕೆ ಏನೂ ಇಲ್ಲ."

ಹೆಂಗಸು ಮುಖ ಸಣ್ಣ ಮಾಡಿಕೊಂಡಳು. "ಟಿವಿಯಲ್ಲಿ ಎಷ್ಟು ಒಳ್ಳೆಯವರು" ಎಂದು ಪಕ್ಕದವಳಿಗೆ ಮರಾಠಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮುಂಬ್ರಾ ದಾಟಿತು. ನಿಶ್ಮಿತಾ ತಲೆ ಎತ್ತಲಿಲ್ಲ. ಸ್ವಲ್ಪ ಒಳಗೆ ಸರಿದಳು. ಮೂವರ ಸೀಟಿನ ತುದಿಯಲ್ಲಿ ಒಂದು ಗೇಣು ಜಾಗವಾಯಿತು. ಉಮಾವತಿ ಅದರ ಮೇಲೆ ಅರ್ಧ ಕೂತು, ಕಾಲೂರಿ, ಸಣ್ಣ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟಕ್ಕೂ ತಾನು ಯೋಗ್ಯಳಲ್ಲ ಎನಿಸುತ್ತಿತ್ತು. ಆದರೂ ಡೊಂಬಿವಲಿ ಬರುವವರೆಗೆ ಏಳಲಿಲ್ಲ.